ತಂಗಿ ಹಿಡಿದಿಟ್ಟ ಜಾಗ

ಸುದ್ದಿ ಬಂದಾಗ ನಾನು ಬಟಾಣಿ ಸುಲಿಯುತ್ತಿದ್ದೆ. ನಗರಸಭೆಯಿಂದ ತಂಗಿ ಗೆದ್ದು ಬಂದರೂ ಹಸಿದಿರುತ್ತಾಳೆ, ಸೋತು ಬಂದರೂ ಹಸಿದಿರುತ್ತಾಳೆ, ಅಷ್ಟರೊಳಗೆ ಅಡುಗೆ ಮುಗಿದಿರಲಿ ಎಂದು ಕೈ ಚುರುಕು ಮಾಡಿದ್ದೆ. ಬಾಗಿಲು ಬಡಿದದ್ದು ಅವಳ ರೀತಿಯಲ್ಲಿರಲಿಲ್ಲ. ಅವಳಾದರೆ ಬೆರಳ ಗೆಣ್ಣಿನಿಂದ ಎರಡೇಟು ಹಾಕಿ, ನಾನು ಏಳುವ ಮೊದಲೇ “ಅಕ್ಕಾ, ಇದ್ದೀಯಾ ಹೋದ್ಯಾ?” ಎಂದು ಬೀದಿಗೆಲ್ಲ ಕೇಳುವಂತೆ ಕೂಗುವವಳು. ಇದು ಯಾರೋ ಅಂಗೈಯಿಂದ ಮೆಲ್ಲಗೆ ತಟ್ಟಿದ ಸದ್ದು.

ಬಾಗಿಲಲ್ಲಿ ನಗರಸಭೆಯ ಜವಾನ ನಿಂತಿದ್ದ. ಒಂದು ಕೈಯಲ್ಲಿ ತಂಗಿಯ ಬ್ಯಾಗು, ಇನ್ನೊಂದರಲ್ಲಿ ಮಡಿಚಿದ ಅವಳ ಕನ್ನಡಕ.

“ಟೀಚರಮ್ಮನವರ ಮನೆ ಇದೇನಾ?”

“ಹೌದು. ಬ್ಯಾಗು ಮರೆತು ಹೊರಟುಬಿಟ್ಲಾ?” ಎಂದು ಕೇಳಿದೆ. ಅವಳು ಮರೆಯುವವಳಲ್ಲ, ಕನ್ನಡಕವಿಲ್ಲದೆ ಒಂದು ಹೆಜ್ಜೆ ಇಡುವವಳೂ ಅಲ್ಲ ಎಂದು ಗೊತ್ತಿದ್ದೂ ಕೇಳಿದೆ.

“ಅಮ್ಮಾ, ನೀವು ಮೊದಲು ಕೂತ್ಕೊಳ್ಳಿ. ಆಮೇಲೆ ಹೇಳ್ತೀನಿ.”

ನಾನು ಕೂರಲಿಲ್ಲ. ಅವನೂ ನಿಂತೇ ಹೇಳಿದ. ಸಭೆ ನಡೆಯುವ ಕೋಣೆಯ ಹೊರಗೆ ಉದ್ದನೆಯ ಬೆಂಚಿದೆಯಂತೆ. ತಂಗಿ ಅದರ ಮೇಲೆ ಗೋಡೆಗೆ ಒರಗಿ ಕೂತಿದ್ದಳಂತೆ. “ನಿದ್ದೆ ಹತ್ತಿರಬೇಕು ಅಂದ್ಕೊಂಡ್ವಿ. ಅವರ ಸರದಿ ಬಂತು ಅಂತ ಕರೆಯೋಕೆ ಹೋದ್ರೆ... ಬ್ಯಾಗು ತೊಡೆ ಮೇಲಿತ್ತು. ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ರು. ಬಿಡಿಸೋದೇ ಕಷ್ಟ ಆಯ್ತು.”

ಬ್ಯಾಗಿನಲ್ಲಿ ಅವಳ ಕಾಗದಗಳಿದ್ದವು. ಅವನ್ನು ಕಾಪಾಡಿಕೊಂಡು ಕೂತಿದ್ದಿರಬೇಕು ಎಂದು ಅಂದು ನಾನು ತಿಳಿದುಕೊಂಡೆ.

ಸ್ವಲ್ಪ ಹೊತ್ತಿಗೆ ಗುಬ್ಬಿ ಓಡಿ ಬಂದ. ಅವನು ನಮ್ಮ ತಮ್ಮನ ಮಗ. ಹೆಸರು ಗುಬ್ಬಿಯಾದರೂ ಬಾಗಿಲು ತುಂಬುವ ಆಳು. ನನ್ನನ್ನು ಅಪ್ಪಿಕೊಂಡು ಮಗುವಿನ ಹಾಗೆ ಅತ್ತ. “ದಾರೀಲಿ ಸಿಕ್ಕಿಹಾಕ್ಕೊಂಡೆ ದೊಡ್ಡತ್ತೆ. ಒಂದು ಲಾರಿ ಅಡ್ಡ ನಿಂತುಬಿಟ್ಟಿತ್ತು. ನಾನು ಬರೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಚಿಕ್ಕತ್ತೆ ನನಗೋಸ್ಕರ ಕಾಯ್ತಾ ಕಾಯ್ತಾ ಹೋಗಿಬಿಟ್ರು.” ಅವನ ಬೆನ್ನು ಸವರಿ ಸಮಾಧಾನ ಮಾಡಿದವಳು ನಾನೇ. ದೇವರ ಇಚ್ಛೆಗೆ ಲಾರಿ ಒಂದು ನೆಪ, ನಿನ್ನ ತಪ್ಪೇನಿದೆ ಮಗನೇ ಎಂದೆ.

ತಂಗಿ ಆ ದಿನ ಅಲ್ಲಿ ಕೂತಿದ್ದೇಕೆ ಎಂಬುದನ್ನು ಹೇಳಬೇಕು.

ಅವಳು ನಮ್ಮ ಬೀದಿಯ ಶಾಲೆಗೆ ಮುಖ್ಯೋಪಾಧ್ಯಾಯಿನಿ. ನಾನು ಒಂದು ಪತ್ರಿಕೆಯ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ. ಬಹುಪಾಲು ಜಾಹೀರಾತಿನ ಪುಟಗಳು. ಹಿಂದೆಲ್ಲ ಮನೆಯ ಜಾಹೀರಾತು ಎಂದರೆ ಗಾಳಿ ಬೆಳಕು ಚೆನ್ನಾಗಿದೆ, ನೀರಿಗೆ ತೊಂದರೆಯಿಲ್ಲ, ಮಾಲೀಕರನ್ನೇ ಕಾಣಿರಿ, ಇಷ್ಟೇ. ಆಮೇಲೆ ಶಿಕ್ಷಣ ಇಲಾಖೆ ಶಾಲೆಗಳಿಗೆ ನಕ್ಷತ್ರ ಕೊಡಲು ತೊಡಗಿತು. ವರ್ಷಕ್ಕೊಮ್ಮೆ ಎಲ್ಲ ಶಾಲೆಗೂ ಒಂದೇ ಪರೀಕ್ಷೆ, ಅದರ ಅಂಕ ನೋಡಿ ಒಂದರಿಂದ ಐದರವರೆಗೆ ನಕ್ಷತ್ರ. ಅದು ಇಲಾಖೆಯವರಿಗೆ ಯಾವ ಶಾಲೆಗೆ ಸಹಾಯ ಬೇಕು ಎಂದು ತಿಳಿಯಲಿಕ್ಕೆ ಮಾಡಿದ್ದಂತೆ. ತಿಳಿದುಕೊಂಡವರು ಮಾತ್ರ ಮನೆ ಮಾರುವವರು. ನಾನು ನಿವೃತ್ತಳಾಗುವ ಹೊತ್ತಿಗೆ ಜಾಹೀರಾತಿನಲ್ಲಿ ಗಾಳಿಯೂ ಇರಲಿಲ್ಲ, ಬೆಳಕೂ ಇರಲಿಲ್ಲ. ಮೇಲೆ ಸಾಲಾಗಿ ನಕ್ಷತ್ರ, ಕೆಳಗೆ ಫೋನ್ ನಂಬರು.

ರೈಲು ಹಳಿಯ ಆಚೆಯ ಶಾಲೆಗೆ ಐದು. ಈಚೆಯ ನನ್ನ ತಂಗಿಯ ಶಾಲೆಗೆ ಒಂದು.

ಆ ಒಂದರ ಹಿಂದೆ ಅವಳ ಹಟವೊಂದಿತ್ತು. ಇಲಾಖೆ ಪರೀಕ್ಷೆ ಬರೆದ ಮಕ್ಕಳ ಅಂಕವನ್ನಷ್ಟೇ ನೋಡುತ್ತಿತ್ತು; ಅಂದು ಬಾರದವರ ಸುದ್ದಿಗೆ ಹೋಗುತ್ತಿರಲಿಲ್ಲ. ಹೀಗಾಗಿ ಎಷ್ಟೋ ಶಾಲೆಯವರು ಓದಿನಲ್ಲಿ ಹಿಂದಿದ್ದ ಮಕ್ಕಳ ತಾಯಂದಿರನ್ನು ಕರೆದು, “ಪಾಪ, ಅವತ್ತೊಂದು ದಿನ ಮನೇಲೇ ಇರಲಿ ಬಿಡಿ” ಎಂದು ಕಿವಿಯಲ್ಲಿ ಹೇಳುತ್ತಿದ್ದರು. ನನ್ನ ತಂಗಿ ಅದೇ ದಿನ ಬೆಳಿಗ್ಗೆ ಬೇಗ ಎದ್ದು, ದೇವರಿಗೆ ಕೈ ಮುಗಿದು, ಕೊಡೆ ಹಿಡಿದು ಮನೆಮನೆಗೆ ಹೊರಡುತ್ತಿದ್ದಳು. ಹೊಟ್ಟೆನೋವು ಎಂದು ಮಂಚದ ಕೆಳಗೆ ಅವಿತವನನ್ನು ಎಳೆದು, ಮುಖ ತೊಳೆಸಿ, ಕೈ ಹಿಡಿದು ಕರೆದುಕೊಂಡು ಬರುತ್ತಿದ್ದಳು.

“ನಿನಗೆ ಬುದ್ಧಿ ಇಲ್ವೇನೇ? ಅವನು ಸೊನ್ನೆ ತಗೊಂಡು ನಿನ್ನ ಶಾಲೆ ಮುಳುಗಿಸ್ತಾನೆ,” ಎಂದು ನಾನೇ ಒಮ್ಮೆ ಬೈದಿದ್ದೆ.

“ಸೊನ್ನೆ ತಗೊಳ್ಳಲಿ ಅಕ್ಕಾ. ನೀನು ಬರಬೇಡ ಅಂತ ನಾನು ಹೇಳಿದ್ರೆ ಅವನು ಅದನ್ನ ಸಾಯೋವರೆಗೂ ಮರೀತಾನಾ?”

ನಕ್ಷತ್ರ ಒಂದಾಯಿತು. ಒಂದಾದ ಮೇಲೆ ಹಳಿಯ ಈಚೆಗೆ ಮನೆ ಕೊಳ್ಳಲು ಯಾರೂ ಬರಲಿಲ್ಲ. ಇದ್ದವರೂ ಗಂಟುಮೂಟೆ ಕಟ್ಟಿದರು. ಕೈಲಾದವರು ಹೋದರು, ಕೈಲಾಗದವರು ಉಳಿದರು. ಉಳಿದವರ ಮಕ್ಕಳಿಂದ ಅಂಕ ಇನ್ನೂ ಇಳಿಯಿತು. ಅದನ್ನೂ ತಂಗಿ ಸಹಿಸಿದಳು. ಸಹಿಸಲಾಗದ್ದು ಬೇರೆ. ಶಾಲೆಯ ಗೋಡೆಗೆ ಎದುರಾಗಿ ಯಾರೋ ದೊಡ್ಡ ಬೋರ್ಡು ನಿಲ್ಲಿಸಿದರು: ‘ಒಂದು ನಕ್ಷತ್ರದಲ್ಲಿ ಏಕಿದ್ದೀರಿ? ಐದಕ್ಕೆ ಬನ್ನಿ. ಹಳಿಯ ಆಚೆ ಹೊಸ ಮನೆಗಳು.’ ಆಗತಾನೇ ಕೂಡಿಸಿ ಓದಲು ಕಲಿತ ಹುಡುಗಿಯೊಬ್ಬಳು ಅದರ ಮುಂದೆ ನಿಂತು, ಅಕ್ಷರಕ್ಕೆ ಬೆರಳಿಟ್ಟು, ಇಡೀ ಬೋರ್ಡನ್ನು ಗಟ್ಟಿಯಾಗಿ ಓದಿ, “ಟೀಚರ್, ಒಂದೂ ತಪ್ಪಿಲ್ಲ!” ಎಂದು ಕುಣಿದಳಂತೆ. ಆಮೇಲೆ ನಿಧಾನವಾಗಿ, “ಟೀಚರ್, ಒಂದು ನಕ್ಷತ್ರ ಅಂದ್ರೆ ನಾವಾ?” ಎಂದು ಕೇಳಿದಳಂತೆ.

ಅಂದು ಸಂಜೆ ತಂಗಿ ಊಟ ಬೇಡವೆಂದಳು. ಮರುದಿನ ಒಂದು ಹಾಳೆಯ ಮೇಲೆ ಒಂದೇ ವಾಕ್ಯ ಬರೆದು ನನ್ನ ಮುಂದಿಟ್ಟಳು: ‘ಮನೆ ಮಾರುವ ಅಥವಾ ಬಾಡಿಗೆಗೆ ಕೊಡುವ ಯಾವ ಜಾಹೀರಾತಿನಲ್ಲೂ ಶಾಲೆಗಳ ನಕ್ಷತ್ರಗಳನ್ನು ಹಾಕಕೂಡದು.’ ನಗರಸಭೆ ಇದನ್ನು ನಿಯಮ ಮಾಡಬೇಕು ಎಂಬುದು ಅವಳ ಬೇಡಿಕೆ. ನಿವೃತ್ತಿಯ ಹೊಸ್ತಿಲಲ್ಲಿ ಅವಳು ಬೇರೆ ಏನನ್ನೂ ಕೇಳಲಿಲ್ಲ. ದೇವರ ಹತ್ತಿರವೂ ಇದನ್ನೇ ಕೇಳುತ್ತಿದ್ದಳು. ಮಗ್ಗುಲ ಮಂಚದಿಂದ ನನಗೆ ಕೇಳಿಸುತ್ತಿತ್ತು.

ಇನ್ನು ಗುಬ್ಬಿ. ತಮ್ಮನೂ ಅವನ ಹೆಂಡತಿಯೂ ಅಪಘಾತದಲ್ಲಿ ಹೋದ ಮೇಲೆ ಅವನು ನಮ್ಮಿಬ್ಬರ ಮಡಿಲಿಗೆ ಬಂದ. ಮಕ್ಕಳಿಲ್ಲದ ಮನೆಗೆ ಮಗುವಾದ. ಆದರೆ ಅಕ್ಷರ ಅವನಿಗೆ ಹತ್ತಲಿಲ್ಲ. ಓರಗೆಯವರು ಪುಸ್ತಕ ಓದುವಾಗಲೂ ಅವನು ತನ್ನ ಹೆಸರನ್ನೇ ತಿರುಗಾಮುರುಗ ಬರೆಯುತ್ತಿದ್ದ. ತಂಗಿ ಅಡುಗೆಮನೆಯ ಮೇಜಿನ ಮೇಲೆ ಬಟಾಣಿ ಸುರಿದು, ಕಾಳು ಜೋಡಿಸಿ ಅಕ್ಷರ ಮಾಡಿಸಿದಳು. ಸರಿಯಾಗಿ ಓದಿದರೆ ಆ ಅಕ್ಷರವನ್ನು ತಿನ್ನಬಹುದು. ಎಷ್ಟು ಚಳಿಗಾಲ ಆ ಮೇಜಿನ ಮೇಲೆ ಬಟಾಣಿ ಉರುಳಿತೋ ದೇವರಿಗೇ ಗೊತ್ತು. ಕೊನೆಗೆ ಹುಡುಗ ಓದಿದ. ಓದಿದ ಮೇಲೆ ಮಾತು ಕಲಿತ, ಮಾತು ಕಲಿತ ಮೇಲೆ ಮನೆ ಮಾರುವ ಕೆಲಸ ಹಿಡಿದ. ಅವನ ಕಚೇರಿಯ ಗಾಜಿನ ಕಿಟಕಿಯಲ್ಲೂ ನಕ್ಷತ್ರಗಳಿದ್ದವು.

ತನ್ನ ವಾಕ್ಯವನ್ನು ತಂಗಿ ಅವನಿಗೂ ಅದೇ ಮೇಜಿನ ಮೇಲೆಯೇ ತೋರಿಸಿದಳು.

“ನಿನ್ನ ಹೊಟ್ಟೆ ಮೇಲೆ ಹೊಡೀತಿದ್ದೀನಿ ಕಣೋ ಗುಬ್ಬಿ.”

ಅವನು ಹೊಟ್ಟೆಯನ್ನು ಎರಡೂ ಕೈಯಿಂದ ತಟ್ಟಿದ. “ಹೊಡೀರಿ ಚಿಕ್ಕತ್ತೆ, ಇದು ಎಷ್ಟಾದ್ರೂ ತಡ್ಕೊಳ್ಳತ್ತೆ. ನೀವೇ ಬೆಳೆಸಿದ್ದು.”

“ತಮಾಷೆ ಅಲ್ಲ. ನಾಳೆ ನಿನ್ನ ಜೊತೆಯವರು ನಿನ್ನ ಮುಖ ನೋಡಲ್ಲ.”

“ಅವರ ಮುಖ ನೋಡಿ ನಾನೇನು ಉದ್ಧಾರ ಆಗಬೇಕಿದೆ? ಕೇಳಿ ಇಲ್ಲಿ. ಟೀಚರಮ್ಮ ಹೋಗಿ ನಕ್ಷತ್ರ ಬೇಡ ಅಂದ್ರೆ, ತನ್ನ ಶಾಲೆಗೆ ಒಂದೇ ಬಂತಲ್ಲ ಅಂತ ಹೊಟ್ಟೆಕಿಚ್ಚು ಅಂತಾರೆ. ಮನೆ ಮಾರೋನೇ ಎದ್ದು ನಿಂತು ಬೇಡ ಅಂದ್ರೆ ಬಾಯಿ ಮುಚ್ಕೋತಾರೆ. ನಾನು ನಿಮ್ಮ ಪಕ್ಕ ಕೂತು ಮಾತಾಡ್ತೀನಿ.”

“ಮಾತು ಕೊಡ್ತಿದ್ದೀಯಾ?”

“ಬಟಾಣಿ ಮೇಲಾಣೆ.”

ತಂಗಿ ನಕ್ಕಳು. ನನ್ನ ಕಡೆ ತಿರುಗಿ, “ಅಕ್ಕಾ, ನೀನೂ ಈ ವಾಕ್ಯ ಸರಿ ಇದೆಯಾ ನೋಡು,” ಎಂದಳು.

“ದೊಡ್ಡತ್ತೆಗೆ ಕೊಡಬೇಡಿ,” ಎಂದ ಗುಬ್ಬಿ. “ಅವರು ಬಾಲದಿಂದ ತಿನ್ನೋಕೆ ಶುರು ಮಾಡ್ತಾರೆ. ಇಡೀ ಪೇಪರ್ ಓದಿ ಮುಗಿಸಿ, ಇವತ್ತೇನು ಸುದ್ದಿ ಅಂತ ನನ್ನನ್ನೇ ಕೇಳ್ತಾರೆ.”

ಇದು ಮನೆಯ ಹಳೆಯ ತಮಾಷೆ. ನಮ್ಮ ಪ್ರೆಸ್ಸಿನಲ್ಲಿ ಕರಡನ್ನು ಕೊನೆಯ ಪದದಿಂದ ಮೊದಲ ಪದದ ಕಡೆಗೆ ಓದಬೇಕು. ಮುಂದಿನಿಂದ ಓದಿದರೆ ಅರ್ಥ ನಮ್ಮನ್ನು ಎಳೆದುಕೊಂಡು ಹೋಗುತ್ತದೆ, ತಪ್ಪು ಅಕ್ಷರ ಕಣ್ಣು ತಪ್ಪಿಸಿಕೊಳ್ಳುತ್ತದೆ. ಹಿಂದಿನಿಂದ ಬಂದರೆ ವಾಕ್ಯವೇ ಇರುವುದಿಲ್ಲ. ಒಂದೊಂದು ಪದವೂ ಒಂಟಿಯಾಗಿ ಎದುರು ನಿಂತು ತನ್ನ ಲೆಕ್ಕ ಒಪ್ಪಿಸುತ್ತದೆ. ಆ ರೂಢಿ ನನಗೆ ಮೈಗಂಟಿಬಿಟ್ಟಿತ್ತು. ಮನೆಗೆ ಬಂದ ಔಷಧಿಯ ಚೀಟಿಯನ್ನೂ ಕೆಳಗಿನಿಂದಲೇ ಓದುವವಳು ನಾನು. ಗುಬ್ಬಿ ಚಿಕ್ಕಂದಿನಿಂದ ಅದನ್ನು ನೋಡುತ್ತಾ ಬೆಳೆದವನು.

ತಂಗಿಯನ್ನು ಕಳಿಸಿಕೊಟ್ಟ ಮೇಲೆ ಎಲ್ಲವನ್ನೂ ನೋಡಿಕೊಂಡವನು ಅವನೇ. ಬಂದವರಿಗೆ ಕುರ್ಚಿ ಹಾಕಿದ, ನನಗೆ ಮಾತ್ರೆ ತಂದುಕೊಟ್ಟ, ಅವಳ ಬಟ್ಟೆಗಳನ್ನು ಮಡಿಚಿ ಪೆಟ್ಟಿಗೆಗೆ ಹಾಕಿದ. ನಾನು ದೇವರಿಗೆ, ಒಬ್ಬಳನ್ನು ಕರೆದುಕೊಂಡೆ, ಒಬ್ಬನನ್ನು ಉಳಿಸಿದ್ದೀಯಲ್ಲ, ಅಷ್ಟು ಸಾಕು ಎಂದು ಹೇಳಿದೆ. ಹಾಗೆ ಹೇಳಿದ್ದು ನೆನಪಿದೆ.

ಹೀಗಿರುವಾಗ ಒಂದು ಸಂಜೆ ಅವನು ಅಚ್ಚಾದ ಹಾಳೆಗಳನ್ನು ತಂದ.

“ದೊಡ್ಡತ್ತೆ, ಒಳ್ಳೆ ಸುದ್ದಿ. ಅವತ್ತು ನಿಂತುಹೋದ ಸಭೆ ಮತ್ತೆ ಕರೀತಿದಾರೆ. ನಿಯಮ ಆಗತ್ತೆ. ಅಷ್ಟೇ ಅಲ್ಲ, ಅದಕ್ಕೆ ಚಿಕ್ಕತ್ತೆ ಹೆಸರಿಡ್ತಾರಂತೆ. ನಾನೇ ಓಡಾಡಿ ಒಪ್ಪಿಸಿದೆ.”

ಮೇಲೆ ದಪ್ಪ ಅಕ್ಷರದಲ್ಲಿ ತಂಗಿಯ ಪೂರ್ಣ ಹೆಸರಿತ್ತು, ಮುಂದೆ ‘ಸ್ಮಾರಕ ನಿಯಮ’ ಎಂದಿತ್ತು. ಅವಳ ಹೆಸರನ್ನು ಅಚ್ಚಿನಲ್ಲಿ ನೋಡಿ ನನ್ನ ಕಣ್ಣು ಮಂಜಾಯಿತು.

“ಇಷ್ಟೊಂದು ಹಾಳೆ ಯಾಕೋ? ಅವಳು ಬರೆದದ್ದು ಒಂದೇ ವಾಕ್ಯ.”

“ಸರ್ಕಾರಿ ಭಾಷೆ ದೊಡ್ಡತ್ತೆ, ಒಂದು ಮಾತಿಗೆ ಹತ್ತು ಮಾತು ಸೇರಿಸ್ತಾರೆ. ನೀವು ಒಂದ್ಸಲ ನಿಮ್ಮ ರೀತೀಲಿ ನೋಡಿಕೊಡಿ. ಚಿಕ್ಕತ್ತೆ ಹೆಸರಿರೋ ಕಾಗದದಲ್ಲಿ ಒಂದು ಅಕ್ಷರನೂ ತಪ್ಪಿರಬಾರದು. ನೋಡಿ ಆದ್ಮೇಲೆ ಕೆಳಗೆ ಸಹಿ ಹಾಕಿ. ಮನೆಯವರ ಒಪ್ಪಿಗೆ ಬೇಕಂತೆ.”

‘ನಿಮ್ಮ ರೀತೀಲಿ’ ಎಂದ. ಆ ಮಾತು ನನಗೆ ಪ್ರೀತಿಯಂತೆ ಕೇಳಿಸಿತು. ತಂಗಿಗಾಗಿ ಇನ್ನು ನಾನು ಮಾಡಬಹುದಾದ ಕೆಲಸ ಇದೊಂದೇ ಎಂದು ಕನ್ನಡಕ ಒರೆಸಿ, ಪೆನ್ನು ಹಿಡಿದು, ಕೊನೆಯ ಹಾಳೆಯ ಕೊನೆಯ ಪದದಿಂದ ಹೊರಟೆ. ಎರಡು ಕಡೆ ಒತ್ತಕ್ಷರ ಬಿಟ್ಟುಹೋಗಿತ್ತು, ಒಂದು ಕಡೆ ಪೂರ್ಣವಿರಾಮವಿರಲಿಲ್ಲ. ತಿದ್ದಿದೆ. ಮೊದಲ ಪದಕ್ಕೆ, ಅಂದರೆ ಅವಳ ಹೆಸರಿಗೆ, ಬಂದು ತಲುಪಿದಾಗ ಗುಬ್ಬಿ ನನ್ನ ಹೆಗಲ ಮೇಲೆ ಕೈಯಿಟ್ಟಿದ್ದ. ‘ನೋಡಿದೆ, ಸರಿಯಿದೆ’ ಎಂದು ಬರೆದು ಸಹಿ ಹಾಕಿದೆ.

ಸಭೆಯ ದಿನ ಅವನು ಕಾರು ಕಳಿಸಿದ. ತಾನು ಮೊದಲೇ ಹೋಗಬೇಕಂತೆ. ನಗರಸಭೆಯ ಮೊಗಸಾಲೆಯಲ್ಲಿ ಆ ಬೆಂಚು ಕಂಡಿತು. ಸವೆದು ನುಣುಪಾದ ಮರ, ತಲೆ ಒರಗಿಸಿದವರ ಎಣ್ಣೆಯ ಗುರುತು ಗೋಡೆಯ ಮೇಲೆ. ಅದೇ ಜವಾನ ಗುರುತು ಹಿಡಿದು ಹತ್ತಿರ ಬಂದ.

“ಟೀಚರಮ್ಮ ಇಲ್ಲೇ ಕೂತಿದ್ರು. ಪಕ್ಕದ ಜಾಗಕ್ಕೆ ಬ್ಯಾಗು ಇಟ್ಟು ಹಿಡಿದಿದ್ರು. ಯಾರಾದ್ರೂ ಕೇಳಿದ್ರೆ, ನಮ್ಮ ಹುಡುಗ ಬರ್ತಾನೆ, ಅವನು ಅಗಲ ಇದಾನೆ, ಎರಡಾಳಿನ ಜಾಗ ಬೇಕು ಅಂತ ನಗಿಸೋರು.”

“ಅವನು ದಾರೀಲಿ ಸಿಕ್ಕಿಹಾಕ್ಕೊಂಡುಬಿಟ್ಟನಪ್ಪ,” ಎಂದೆ.

ಜವಾನ ನನ್ನ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದು, “ಒಳಗೆ ಕೂತ್ಕೊಳ್ಳಿ ಅಮ್ಮ, ಫ್ಯಾನ್ ಕೆಳಗೆ,” ಎಂದಷ್ಟೇ ಹೇಳಿದ.

ಒಳಗೆ ಎಡಗಡೆ ಮನೆ ಮಾರುವವರ ಸಂಘದವರು ಸಾಲಾಗಿ ಕೂತಿದ್ದರು. ಅವರ ನಡುವೆ ಗುಬ್ಬಿ, ಅಂಗಿಯ ಜೇಬಿಗೆ ಸಂಘದ ಬಿಲ್ಲೆ ಚುಚ್ಚಿಕೊಂಡು. ಮುಂದೆ ಹೆಸರಿನ ಫಲಕ: ಕಾರ್ಯದರ್ಶಿ. ಈ ಪದವಿ ಯಾವಾಗ ಬಂತೋ ನನಗೆ ತಿಳಿಯದು. ಅವನು ನನ್ನನ್ನು ನೋಡಿ ಕೈಯೆತ್ತಿದ. ನಾನೂ ಎತ್ತಿದೆ. ಮಕ್ಕಳು ಮುಂದೆ ಬಂದರೆ ಯಾರಿಗೆ ಸಂತೋಷವಿಲ್ಲ?

ಅಧ್ಯಕ್ಷೆ ಬಂದು ಕೂತರು. ಗುಮಾಸ್ತ ನಿಯಮವನ್ನು ಗಟ್ಟಿಯಾಗಿ ಓದತೊಡಗಿದ. ಮೊದಲು ತಂಗಿಯ ಹೆಸರು. ಆಮೇಲೆ ಅವಳ ವಾಕ್ಯ, ಅವಳು ಬರೆದಂತೆಯೇ, ಒಂದು ಅಕ್ಷರವೂ ಬದಲಾಗದೆ. ನಾನು ಕಣ್ಣು ಮುಚ್ಚಿ ಕೈ ಮುಗಿದೆ. ಮುಗಿದ ಕೈ ಹಾಗೇ ಇದ್ದಾಗ ಗುಮಾಸ್ತನ ಧ್ವನಿ ಮುಂದುವರಿಯಿತು: “ಆದರೆ, ಆ ನಕ್ಷತ್ರಗಳನ್ನು ಕೊಟ್ಟವರು ಯಾರೆಂಬುದನ್ನು ಜಾಹೀರಾತಿನ ಕೆಳಭಾಗದಲ್ಲಿ ತಿಳಿಸಿದ್ದ ಪಕ್ಷದಲ್ಲಿ, ಈ ನಿಯಮ ಅನ್ವಯಿಸತಕ್ಕದ್ದಲ್ಲ.”

ಕಣ್ಣು ಹಿಂದಿನಿಂದ ಓದಬಲ್ಲದು. ಕಿವಿಗೆ ಅದು ಬರುವುದಿಲ್ಲ. ಪ್ರತಿಯೊಂದು ಪದವನ್ನೂ ನಾನು ನೋಡಿದ್ದೆ. ‘ಕೆಳಭಾಗದಲ್ಲಿ’ ಎಂಬಲ್ಲಿ ಬಿಟ್ಟಿದ್ದ ಒತ್ತನ್ನು ತಿದ್ದಿದವಳೂ ನಾನೇ. ಆ ಪದಗಳು ಒಂದಕ್ಕೊಂದು ಕೈ ಹಿಡಿದು ಏನು ಮಾಡುತ್ತಿವೆ ಎಂದು ಕಂಡದ್ದು ಈಗ. ಕೆಳಗೆ ಇರುವೆಯಂಥ ಅಕ್ಷರದಲ್ಲಿ ಇಲಾಖೆಯ ಹೆಸರು ಹಾಕಿದರಾಯಿತು, ಮೇಲೆ ಎಷ್ಟು ದೊಡ್ಡ ನಕ್ಷತ್ರವನ್ನಾದರೂ ಬರೆಯಬಹುದು. ನಿನ್ನೆಯವರೆಗೆ ಯಾರ ಅಪ್ಪಣೆಯೂ ಇಲ್ಲದೆ ಹಾಕುತ್ತಿದ್ದರು. ಇನ್ನು ಮೇಲೆ ನನ್ನ ತಂಗಿಯ ಹೆಸರಿನ ಅಪ್ಪಣೆಯಿಂದ ಹಾಕುತ್ತಾರೆ.

ಗುಬ್ಬಿ ಎದ್ದು ಮಾತಾಡಿದ. ಚೆನ್ನಾಗಿಯೇ ಮಾತಾಡಿದ. ಬಟಾಣಿಯ ಕಥೆ ಹೇಳಿದ. ಸಭೆಯಲ್ಲಿ ಒಬ್ಬಿಬ್ಬರು ಕಣ್ಣೊರೆಸಿಕೊಂಡರು. “ನನ್ನ ಚಿಕ್ಕತ್ತೆ ಯಾರ ಮೇಲೂ ಹಟ ಸಾಧಿಸಿದವರಲ್ಲ. ಈ ನಿಯಮ ಅವರ ಕನಸು. ನಮ್ಮ ಸಂಘ ಅದನ್ನ ಪೂರ್ಣ ಮನಸ್ಸಿನಿಂದ ಒಪ್ಪತ್ತೆ,” ಎಂದ. ಎಡಗಡೆಯ ಸಾಲು ಚಪ್ಪಾಳೆ ತಟ್ಟಿತು.

ನಾನು ಎದ್ದೆ. ಮುಂದಿನ ಕುರ್ಚಿ ಹಿಡಿದುಕೊಂಡೆ.

“ತಾಯಿ, ನಾನು ಟೀಚರಮ್ಮನ ಅಕ್ಕ. ಅವಳು ಕೇಳಿದ್ದು ಮೊದಲನೇ ವಾಕ್ಯ ಮಾತ್ರ. ‘ಆದರೆ’ ಅಂತ ಶುರುವಾಗೋದು ಅವಳದ್ದಲ್ಲ. ಅದನ್ನ ತೆಗೀರಿ.”

ಅಧ್ಯಕ್ಷೆ ಹಾಳೆ ತಿರುವಿದರು. “ಇಲ್ಲಿ ನೀವೇ ಸಹಿ ಹಾಕಿದ್ದೀರಲ್ಲಮ್ಮ. ನೋಡಿದೆ, ಸರಿಯಿದೆ ಅಂತ ಬರೆದಿದ್ದೀರಿ. ಇದು ನಿಮ್ಮ ಬರಹ ತಾನೆ?”

“ನನ್ನದೇ. ಅಕ್ಷರ ಸರಿ ಇದೆ ಅಂತ ಬರೆದೆ.”

ಎಡಗಡೆ ಯಾರೋ ನಕ್ಕರು. ಗುಬ್ಬಿ ನಗಲಿಲ್ಲ, ಮೇಜಿನ ಮೇಲಿದ್ದ ನೀರಿನ ಲೋಟವನ್ನು ತಿರುಗಿಸುತ್ತಾ ಕೂತಿದ್ದ. ಅಧ್ಯಕ್ಷೆ ಕೆಟ್ಟವರಲ್ಲ. ಪಕ್ಕದವರೊಂದಿಗೆ ಪಿಸುಮಾತಾಡಿದರು, ಕೈ ಎತ್ತಿಸಿದರು. ‘ಆದರೆ’ ಉಳಿಯಿತು.

“ಹಾಗಾದ್ರೆ ಇನ್ನೊಂದು ಕೇಳ್ತೀನಿ,” ಎಂದೆ. “ಈ ಕಾಗದದಲ್ಲಿ ನನ್ನ ಕಣ್ಣು ತಪ್ಪಿಸಿದ ತಪ್ಪೊಂದಿದೆ. ಅದನ್ನ ನಾನೇ ತಿದ್ದಬೇಕು.”

“ಯಾವುದಮ್ಮ?”

“ಮೇಲಿರೋ ಹೆಸರು. ಇದು ಅವಳ ನಿಯಮ ಅಲ್ಲ. ಮನೆಯವರ ಒಪ್ಪಿಗೆ ಬೇಕು ಅಂದ್ರಲ್ಲ, ಆ ಒಪ್ಪಿಗೆ ನಾನು ವಾಪಸ್ ತಗೊಂಡೆ.”

ಗುಬ್ಬಿ ಅರ್ಧ ಎದ್ದು, “ದೊಡ್ಡತ್ತೆ, ಆಯಾಸ ಆಗಿದೆ ನಿಮಗೆ, ಆಮೇಲೆ ಮಾತಾಡೋಣ,” ಎಂದ. ಅಧ್ಯಕ್ಷೆ ಅವನನ್ನು ಕೈಸನ್ನೆಯಿಂದ ಕೂರಿಸಿ, ಹಾಳೆಯನ್ನು ನನ್ನ ಕಡೆ ತಳ್ಳಿದರು. ಜವಾನ ಬಂದು ಕೈ ಹಿಡಿದು ನನ್ನನ್ನು ಮೇಜಿನವರೆಗೆ ಕರೆದೊಯ್ದ. ಪೆನ್ನು ತೆಗೆದೆ. ತಂಗಿಯ ಹೆಸರಿನ ಮೇಲೆ ನೇರ ಗೆರೆ ಎಳೆದು, ಪಕ್ಕದಲ್ಲಿ, ಇದನ್ನು ತೆಗೆದುಬಿಡಿ ಎಂದು ಅಚ್ಚುಕೂಟದವರಿಗೆ ತಿಳಿಸುವ ಸುರುಳಿ ಗುರುತು ಹಾಕಿದೆ. ಎಷ್ಟು ಸಾವಿರ ಸಲ ಹಾಕಿದ ಗುರುತು! ಅಂದಿನಷ್ಟು ಕೈ ಎಂದೂ ಭಾರವಾಗಿರಲಿಲ್ಲ. ಅವಳು ಒಮ್ಮೆ ಸತ್ತಿದ್ದಳು. ಕಾಗದದ ಮೇಲೆ ಮತ್ತೊಮ್ಮೆ ಅಳಿಸಿದವಳು ಅವಳ ಅಕ್ಕ.

ಮೊಗಸಾಲೆಗೆ ಬಂದು ಆ ಬೆಂಚಿನ ಮೇಲೆ ಕೂತೆ. ಜವಾನ ನೀರು ತಂದುಕೊಟ್ಟು ಪಕ್ಕದಲ್ಲೇ ನಿಂತ.

“ಅಮ್ಮ, ಹೇಳಬಾರದು ಅಂತಿದ್ದೆ. ಈಗ ಹೇಳದಿದ್ರೆ ನನಗೆ ಅನ್ನ ಇಳಿಯಲ್ಲ. ಅವತ್ತು ನಿಮ್ಮ ಹುಡುಗ ದಾರೀಲಿರಲಿಲ್ಲ. ಹಿಂದಿನ ಬಾಗಿಲಿಂದ ಬಂದು ಒಳಗೆ ಸಂಘದವರ ಜೊತೆ ಕೂತಿದ್ರು. ಮಧ್ಯೆ ಒಂದ್ಸಲ ನಾನು ಟೀ ತಗೊಂಡು ಹೋಗೋಕೆ ಬಾಗಿಲು ತೆಗೆದೆ. ಟೀಚರಮ್ಮ ಇಲ್ಲಿಂದ ನೋಡಿದ್ರು.”

“ಏನಂದ್ಲು?”

“ಏನೂ ಅನ್ನಲಿಲ್ಲ. ಬಾಗಿಲು ಮುಚ್ಚಿಕೊಳ್ಳೋವರೆಗೂ ನೋಡಿದ್ರು. ಆಮೇಲೆ ಪಕ್ಕದಲ್ಲಿಟ್ಟಿದ್ದ ಬ್ಯಾಗು ತೆಗೆದು ತೊಡೆ ಮೇಲಿಟ್ಕೊಂಡ್ರು. ಒಬ್ಬ ಮುದುಕಪ್ಪ ಬಂದು, ಇಲ್ಲಿ ಯಾರಾದ್ರೂ ಬರ್ತಾರಾ ಅಂತ ಕೇಳಿದ. ಇಲ್ಲಪ್ಪ, ಖಾಲಿ ಇದೆ, ಕೂತ್ಕೋ ಅಂದ್ರು.”

ನಾನು ಲೋಟವನ್ನು ಬೆಂಚಿನ ಮೇಲಿಟ್ಟೆ. ಡಾಕ್ಟರು ಹೃದಯ ನಿಂತಿತು ಎಂದು ಬರೆದುಕೊಟ್ಟಿದ್ದರು. ಅದಕ್ಕೆ ಹೆಚ್ಚಾಗಿ ನಾನೇನೂ ಹೇಳಲಾರೆ. ಜೀವ ಕೊಡುವವನೂ ಕರೆದುಕೊಳ್ಳುವವನೂ ದೇವರು. ಆದರೆ ಆ ಬ್ಯಾಗನ್ನು ಅವಳು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದೇಕೆಂಬುದನ್ನು ನಾನು ಅಂದು ತಪ್ಪು ತಿಳಿದಿದ್ದೆ.

ಗುಬ್ಬಿ ಹೊರಗೆ ಬಂದ. ಬಿಲ್ಲೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದ. ನನ್ನ ಪಕ್ಕ ಕೂರಲು ಬಾಗಿ, ನನ್ನ ಮುಖ ನೋಡಿ, ನಿಂತೇ ಉಳಿದ.

“ಮನೆ ಮಾನ ಬೀದಿಗೆ ಹಾಕಿಬಿಟ್ರಲ್ಲ ದೊಡ್ಡತ್ತೆ. ಪೂರ್ತಿ ನಿಷೇಧ ಯಾರೂ ಒಪ್ತಿರಲಿಲ್ಲ. ನಾನು ಅರ್ಧನಾದ್ರೂ ತಂದೆ. ಚಿಕ್ಕತ್ತೆ ಹೆಸರು ಈ ಊರಲ್ಲಿ ಶಾಶ್ವತವಾಗಿ ಉಳೀತಿತ್ತು.”

“ಅವತ್ತು ನೀನು ಎಲ್ಲಿದ್ದೆ?”

ಅವನು ಜವಾನನ ಕಡೆ ನೋಡಿದ. ಜವಾನ ನೆಲ ನೋಡಿದ.

“ಒಳಗಿದ್ದೆ,” ಎಂದ ಕೊನೆಗೆ. “ಸಂಘದವರು ಕರೆದಿದ್ರು. ನನ್ನ ಕಚೇರಿಯಲ್ಲಿ ಕೆಲಸಕ್ಕಿರೋರು, ನನ್ನ ಮಕ್ಕಳು, ಎಲ್ಲಾ ನೋಡಬೇಕಲ್ಲ. ಮೊದಲು ಇವರನ್ನ ಅರ್ಧಕ್ಕೆ ಒಪ್ಪಿಸಿ, ಆಮೇಲೆ ಹೊರಗೆ ಬಂದು ಚಿಕ್ಕತ್ತೆಗೆ ಹೇಳೋಣ ಅಂದ್ಕೊಂಡೆ. ದೇವರಾಣೆ.”

“ದೇವರನ್ನ ಬಿಡು. ಅವತ್ತು ಬಟಾಣಿ ಮೇಲೆ ಆಣೆ ಇಟ್ಟಿದ್ದೆ.”

ಅವನ ಗಲ್ಲ ನಡುಗಿತು. ಆ ನಡುಕ ನಿಜವಾದದ್ದು. ಅವನನ್ನು ಸಾಕಿದವಳು ನಾನು, ನನಗೆ ಗೊತ್ತಾಗುತ್ತದೆ.

“ಆ ಕಾಗದ ನನಗೆ ಓದಿ ಹೇಳಬಹುದಿತ್ತಲ್ಲೋ. ನನ್ನ ರೀತೀಲೇ ನೋಡಲಿ ಅಂತ ಯಾಕೆ ಬಯಸಿದೆ?”

ಅವನು ಜೇಬಿಗೆ ಕೈ ಹಾಕಿ ಬಿಲ್ಲೆಯನ್ನು ಮುಟ್ಟಿ ನೋಡಿಕೊಂಡ.

“ಇವತ್ತು ಐದು ನಕ್ಷತ್ರ ಮಾರ್ತಿದ್ದೀಯ,” ಎಂದೆ. “ನೀನು ಓದೋವಾಗ ಈ ನಕ್ಷತ್ರ ಇದ್ದಿದ್ರೆ, ಪರೀಕ್ಷೆ ದಿನ ನಿನ್ನನ್ನ ಮನೇಲಿ ಕೂರಿಸಿ ಬೀಗ ಹಾಕು ಅಂತ ಬೇರೆಯವರು ಹೇಳ್ತಿದ್ರು. ಅವಳು ಮಾತ್ರ ಕೈ ಹಿಡಿದು ಕರ್ಕೊಂಡು ಹೋಗ್ತಿದ್ಲು. ನೀನು ಒಳಗೆ ಹೋದೆ. ಅವಳನ್ನ ಹೊರಗೆ ಕೂರಿಸಿದೆ.”

ಅವನು ಕಾರಿನಲ್ಲಿ ಬಿಡುತ್ತೇನೆ ಎಂದ. ಬೇಡವೆಂದು ಜವಾನನ ಕೈ ಹಿಡಿದು ಮೆಟ್ಟಿಲಿಳಿದೆ.

ಈಗ ಶಾಲೆಯ ಎದುರಿನ ಬೋರ್ಡನ್ನು ಹೊಸದಾಗಿ ಬರೆಸಿದ್ದಾರೆ. ಐದು ನಕ್ಷತ್ರ, ಮೊದಲಿಗಿಂತ ದೊಡ್ಡವು. ಕೆಳಗೆ ಒಂದು ಸಾಲಿದೆ. ಹತ್ತಿರ ಹೋಗಿ, ಕನ್ನಡಕ ಒರೆಸಿ, ಈ ಸಲ ಮೊದಲ ಪದದಿಂದ ಓದಿದೆ. ಇಲಾಖೆಯ ಹೆಸರಿದೆ. ನನ್ನ ತಂಗಿಯ ಹೆಸರು ಎಲ್ಲಿಯೂ ಇಲ್ಲ. ನನ್ನಿಂದ ಅವಳಿಗೆ ಆದದ್ದು ಇಷ್ಟೇ. ಶಾಲೆಗೆ ಬಂದಿರುವ ಹೊಸ ಮುಖ್ಯೋಪಾಧ್ಯಾಯಿನಿ ಚಿಕ್ಕ ವಯಸ್ಸಿನವಳು. ಪರೀಕ್ಷೆಯ ದಿನ ಮಕ್ಕಳನ್ನು ಕರೆತರಲು ಹೋಗುತ್ತಾಳೋ ಇಲ್ಲವೋ ಕಾಣೆ. ತಂಗಿಯ ಕೊಡೆಯನ್ನು ಅವಳಿಗೆ ಕೊಟ್ಟು ಬಂದಿದ್ದೇನೆ.

ಗುಬ್ಬಿ ವಾರಕ್ಕೊಮ್ಮೆ ಬಂದು ಬಾಗಿಲು ತಟ್ಟುತ್ತಾನೆ. ಕೆಲವು ಸಲ ತೆಗೆಯುತ್ತೇನೆ.

ಸಂಜೆ ತಂಗಿಯ ಮಂಚದ ಪಕ್ಕ ಕೂತು ಪ್ರಾರ್ಥನೆ ಮಾಡುತ್ತೇನೆ. ಮೊದಲು ಇಬ್ಬರೂ ಸೇರಿ ಹೇಳುತ್ತಿದ್ದ ಮಾತುಗಳನ್ನು ಈಗ ಒಬ್ಬಳೇ ಹೇಳಿ ಮುಗಿಸಿ, ಕೊನೆಗೆ ನನ್ನ ಮಾತು ಸೇರಿಸುತ್ತೇನೆ:

ತಂದೆಯೇ, ಅವಳು ದಣಿದು ನಿನ್ನ ಬಳಿಗೆ ಬಂದಿದ್ದಾಳೆ. ಬದುಕಿರುವ ತನಕ ಬೇರೆಯವರ ಮಕ್ಕಳಿಗೆ ಜಾಗ ಹಿಡಿದವಳು, ಕೊನೆಯ ಗಳಿಗೆಯಲ್ಲಿ ತನ್ನ ಪಕ್ಕದ ಜಾಗ ಖಾಲಿಯಾದದ್ದನ್ನು ಕಣ್ಣಾರೆ ಕಂಡು ಬಂದವಳು. ಆ ನೋಟವನ್ನು ಅವಳ ಕಣ್ಣಿನಿಂದ ಒರೆಸಿಬಿಡು. ಅವನಿಗಾಗಿ ನಿನ್ನನ್ನು ಏನಾದರೂ ಕೇಳಲು ನನ್ನ ನಾಲಿಗೆ ಇನ್ನೂ ಏಳುತ್ತಿಲ್ಲ. ಅವಳು ಅಲ್ಲಿ ಕೇಳಿಯೇ ಕೇಳುತ್ತಾಳೆ, ನಿನಗೆ ತೋಚಿದಂತೆ ಮಾಡು. ನಿನ್ನ ಬಾಗಿಲ ಹೊರಗೆ ಅವಳನ್ನು ಕಾಯಿಸಬೇಡ. ಒಳಗೆ ಕರೆದು, ನಿನ್ನ ಪಕ್ಕದಲ್ಲಿ ಅವಳಿಗೊಂದು ಜಾಗ ಕೊಡು. ಅವಳ ತೊಡೆಯ ಮೇಲಿನ ಭಾರವನ್ನು ನೀನೇ ಇಳಿಸಿಕೋ. ಅವಳಿಗೆ ಶಾಂತಿಯಿರಲಿ.